ಕೊನೆಯ ಪಂಕ್ತಿಯ ಬಾಕ್ಸುಗಳು

ಸ್ಟೀಲ್ ಡಬ್ಬಿಗೆ ಕೈ ಹಾಕಿದಾಗ ನನ್ನ ಬೆರಳಿಗೆ ಮೊದಲು ಸಿಕ್ಕಿದ್ದು ಅಕ್ಕನ ಊರಿನ ಚೀಟಿ. ಅದು ಅವಳದೇ ಎಂದು ನನಗೆ ಗೊತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಮೂರು ಚೀಟಿಗಳನ್ನೂ ನಾನೇ ಬರೆದಿದ್ದೆ. ಅವಳ ತುಂಡಿನ ಅಂಚಿನಲ್ಲಿ ಭಾನುವಾರದ ಕೆಂಪು ಅಂಕಿಯ ಬಾಲವೊಂದು ಉಳಿದುಕೊಂಡಿತ್ತು. ನಾನು ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿದೆ.

ಆಮೇಲಿನ ಹನ್ನೆರಡು ದಿನ ನಾನು ಒಂದು ಕಡೆ ಕೂತವಳಲ್ಲ. ಹಾಲು ಕಾಯಲಿಟ್ಟು ಬಾಗಿಲಿಗೆ ಬರುತ್ತಿದ್ದೆ, ಬಾಗಿಲಿಂದ ತಾರಸಿಗೆ ಹೋಗುತ್ತಿದ್ದೆ, ಒಣಗಿದ ಬಟ್ಟೆಯನ್ನು ಮುಟ್ಟಿ ನೋಡಿ ಅಲ್ಲೇ ಬಿಟ್ಟು ಇಳಿಯುತ್ತಿದ್ದೆ. ದಿಂಬಿನ ಚೀಲವೊಂದಕ್ಕೆ ಹಾಕಿದ ಹೊಲಿಗೆಯನ್ನು ಮೂರು ಸಲ ಬಿಚ್ಚಿದೆ.

ನಮ್ಮ ಮನೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ, ರೈಲು ಹಳಿಯ ಪಕ್ಕದ ಬೀದಿಯಲ್ಲಿದೆ. ಗೂಡ್ಸ್ ರೈಲು ಹೋದರೆ ಅಡುಗೆಮನೆಯ ಶೆಲ್ಫಿನಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಮದುವೆಯಾಗಿ ಹಲಸೂರಿನ ತವರಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ ನಾನು ಲೋಟಗಳನ್ನು ದೂರ ದೂರ ಇಡುತ್ತಿದ್ದೆ. ಅವು ತಾವಾಗಿಯೇ ಹತ್ತಿರ ಬರುತ್ತಿದ್ದವು. ಈಗ ಹಾಗೇ ಬಿಟ್ಟಿದ್ದೇನೆ.

ನನ್ನ ಯಜಮಾನರು ಮೂವತ್ತು ವರ್ಷ ಕ್ಲಿಯರಿಂಗ್ ಏಜೆಂಟರ ಆಫೀಸೊಂದರಲ್ಲಿ ಕೆಲಸ ಮಾಡಿದವರು. ಹಡಗಿಗೆ ಹೋಗುವ ಸರಕಿನ ಕಾಗದಪತ್ರ, ತಪಾಸಣೆ, ಸೀಲು ಎಲ್ಲಾ ಇಲ್ಲೇ ಮುಗಿಸಿ ಕಂಟೇನರನ್ನು ರೈಲಿಗೆ ಹತ್ತಿಸಿ ಕಳಿಸುವ ಜಾಗವನ್ನು ಅವರು ಒಣ ಬಂದರು ಎನ್ನುತ್ತಾರೆ. ‘ಸಮುದ್ರ ಇಲ್ಲ, ಹಡಗಿಲ್ಲ, ಬಂದರು ಮಾತ್ರ ಇದೆ’ ಎಂದು ಮದುವೆಯಾದ ವರ್ಷ ನನಗೆ ವಿವರಿಸಿದ್ದರು. ನಾನು ನಕ್ಕಿದ್ದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡಿದ್ದರು.

ನಿವೃತ್ತರಾದ ಮೇಲೆ ಅವರಿಗೆ ಒಂದೇ ಚಿಂತೆ ಅಂಟಿಕೊಂಡಿತು. ಪಶ್ಚಿಮದ ಕಡೆಯ ಸಣ್ಣ ಊರುಗಳ ಸರಕೆಲ್ಲ ಲಾರಿಯಲ್ಲಿ ಬೆಂಗಳೂರನ್ನು ಅಡ್ಡಹಾಯ್ದು ಬರಬೇಕು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಆ ಲಾರಿಗಳು ಎಂಜಿನ್ ಆರಿಸಿ ನಿಂತಿರುವುದನ್ನು ನಾವು ತರಕಾರಿಗೆ ಹೋದಾಗೆಲ್ಲ ನೋಡುತ್ತೇವೆ. ಆ ಊರುಗಳಲ್ಲೇ ಒಂದು ಒಣ ಬಂದರು ಯಾಕಿರಬಾರದು? ಆದರೆ ಒಂದೊಂದು ಊರಿಗೂ ಒಂದು ರೈಲು ತುಂಬುವಷ್ಟು ಸರಕಿಲ್ಲ. ಮೂರು ಊರು ಸೇರಿದರೆ ತುಂಬುತ್ತದೆ. ಸೇರುವುದೇ ಕಷ್ಟ.

ಆ ಮೂರು ಊರುಗಳನ್ನು ನಾನು ಅವುಗಳ ಸರಕಿನಿಂದಲೇ ಗುರುತಿಸುತ್ತೇನೆ. ಒಂದು ಗ್ರಾನೈಟ್ ಚಪ್ಪಡಿ ಕಳಿಸುವ ಕಲ್ಲಿನ ಊರು. ಇನ್ನೊಂದು ಮಿಡಿಸೌತೆಯನ್ನು ವಿನೆಗರಿನಲ್ಲಿ ಮುಳುಗಿಸಿ ಪೀಪಾಯಿಗಳಲ್ಲಿ ಕಳಿಸುವ ಊರು. ಮೂರನೆಯದು ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಕಳಿಸುವ ನಾರಿನ ಊರು. ಅಕ್ಕನನ್ನು ಕೊಟ್ಟಿದ್ದು ಆ ಊರಿಗೆ. ಭಾವ ತೀರಿಕೊಂಡ ಮೇಲೆ ಅವರ ಸಣ್ಣ ಘಟಕವನ್ನು ಅವಳೇ ನಡೆಸುತ್ತಿದ್ದಾಳೆ. ಹದಿನಾಲ್ಕು ಹೆಂಗಸರು ಅಲ್ಲಿ ಕೆಲಸಕ್ಕಿದ್ದಾರೆ.

ಯಜಮಾನರ ಎರಡು ವರ್ಷದ ಓಡಾಟದಲ್ಲಿ ಮೂರೂ ಊರುಗಳು ಒಂದು ಮಾತಿಗೆ ಬಂದವು. ಯಾವ ಊರಿಗೂ ಸೇರದ ಒಂದು ಸಣ್ಣ ಸ್ಟೇಷನ್ನಿನ ಹಳೆಯ ಗೂಡ್ಸ್ ಶೆಡ್ಡಿನ ಪಕ್ಕ ಯಾರ್ಡ್ ಮಾಡುವುದು. ಮಿಡಿಸೌತೆಯವರು ರಸ್ತೆ ಹಾಕಿಸಿಕೊಟ್ಟರು, ನಾರಿನ ಊರಿನವರು ನೀರು ದೀಪ ನೋಡಿಕೊಂಡರು, ಕಲ್ಲಿನವರ ಹತ್ತಿರ ಹೇಗೂ ಕ್ರೇನ್ ಇತ್ತು. ಹದಿನೈದು ದಿನಕ್ಕೊಂದು ರೈಲು ಓಡಿಸಿ ನೋಡೋಣ ಎಂದು ರೈಲ್ವೆಯವರೂ ಒಪ್ಪಿದರು. ಕೊನೆಯ ಸಭೆ ಮಾತ್ರ ಎಲ್ಲಿ ಮಾಡುವುದು ಎಂದು ಮತ್ತೆ ಎಳೆದಾಟವಾಯಿತು. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವವರಲ್ಲ. ಅದಕ್ಕೇ ಬೆಂಗಳೂರು, ಅದರಲ್ಲೂ ನಮ್ಮ ಮನೆ.

ಬಂದವರು ಮೂವರು. ಕಲ್ಲಿನ ಊರಿನ ಹಿರಿಯರು ಬಿಳಿ ಪಂಚೆಯಲ್ಲಿ, ಒಂದು ಕಾಲಕ್ಕೆ ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿದ್ದವರು. ಮಿಡಿಸೌತೆ ಬೆಳೆಗಾರರ ಪರವಾಗಿ ಒಬ್ಬ ನಿವೃತ್ತ ಮೇಷ್ಟ್ರು. ನಾರಿನ ಊರಿನ ಪರವಾಗಿ ನಮ್ಮಕ್ಕ. ಅವಳು ಬಂದವಳೇ ನನ್ನ ಕೈಗೆ ಒಂದು ಚೀಲ ತೆಂಗಿನಕಾಯಿ ಕೊಟ್ಟು, ‘ನಾನಿವತ್ತು ನಿನ್ನಕ್ಕ ಅಲ್ಲ, ಮೆಂಬರು. ಕಾಫಿ ಎಲ್ಲರಿಗೂ ಕೊಟ್ಟ ಹಾಗೇ ಕೊಡು’ ಎಂದಳು.

ಆ ಮಾತು ನನ್ನ ತಲೆಗೆ ಇಳಿಯಲಿಲ್ಲ. ನಮ್ಮ ಊಟದ ಮೇಜಿಗೆ ನಾಲ್ಕೇ ಕುರ್ಚಿ. ಮೂವರು ಗಂಡಸರು ಕೂತರು, ನಾಲ್ಕನೆಯದನ್ನು ಅಕ್ಕ ಎಳೆದುಕೊಳ್ಳುತ್ತಿದ್ದಳು. ನಾನು ಅವಳ ಮೊಣಕೈ ಹಿಡಿದು, ‘ಬಾ ಅಕ್ಕ, ನಾವು ಆಮೇಲೆ ಕೂತ್ಕೊಳೋಣ, ಹಪ್ಪಳ ಕರಿಯೋದಿದೆ’ ಎಂದು ಒಳಗೆ ಕರೆದುಕೊಂಡು ಹೋದೆ. ಬಂದವರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕೊನೆಯದು. ಅಮ್ಮ ಹಾಗೇ ಮಾಡುತ್ತಿದ್ದರು. ಫ್ರೇಜರ್ ಟೌನಿನ ನಮ್ಮ ಕಾನ್ವೆಂಟಿನಲ್ಲೂ ನಲ್ಲಿಯ ಮುಂದಿನ ಸಾಲಿನಲ್ಲಿ ಯಾರು ಹಿಂದೆ ನಿಲ್ಲುತ್ತಾರೋ ಅವರ ತಲೆ ಸವರುತ್ತಿದ್ದ ಒಬ್ಬ ಸಿಸ್ಟರ್ ಇದ್ದರು. ಅವರ ಕೈ ನನ್ನ ತಲೆಯ ಮೇಲೆ ಎಷ್ಟೋ ಸಲ ಬಂದಿದೆ.

ಹೊರಗೆ ಅನ್ನಕ್ಕೆ ಸಾರು ಕಲಸುತ್ತಲೇ ಅವರು ಯಾರ ಬಾಕ್ಸ್ ಮೊದಲು ಹತ್ತಬೇಕು ಎನ್ನುವುದಕ್ಕೆ ಬಂದಿದ್ದರು. ಕಂಟೇನರಿಗೆ ಅವರೆಲ್ಲ ಬಾಕ್ಸ್ ಎನ್ನುತ್ತಾರೆ. ರೈಲು ಯಾರ್ಡಿನಲ್ಲಿ ನಿಲ್ಲುವುದು ಬೆಳಗಿನಿಂದ ಸಂಜೆಯವರೆಗೆ. ಅಷ್ಟರಲ್ಲಿ ಹತ್ತಿದ್ದು ಹೋಯಿತು, ಹತ್ತದ್ದು ಉಳಿಯಿತು.

‘ಕಲ್ಲು ಭಾರ, ಮೊದಲು ಕಲ್ಲೇ ಹತ್ಲಿ’ ಎಂದರು ಹಿರಿಯರು. ‘ನಮ್ಮವು ಹತ್ತು ಬಾಕ್ಸಿದಾವೆ.’

‘ಹತ್ತಾ?’ ಎಂದರು ಮೇಷ್ಟ್ರು. ‘ಹೋದ ತಿಂಗಳು ಆರು ಅಂದಿದ್ರಲ್ಲ.’

‘ಕಲ್ಲು ಬೆಳೀತದೆ ಮೇಷ್ಟ್ರೇ, ನಿಮ್ಮ ಸೌತೆಕಾಯಿ ಥರಾನೇ.’

ಅಕ್ಕ ಜಾಲರಿ ಕೈಯಲ್ಲಿ ಹಿಡಿದೇ ಅಡುಗೆಮನೆಯಿಂದ ಕೂಗಿದಳು. ‘ನಮ್ದೂ ಸ್ವಲ್ಪ ಕೇಳ್ರೀ. ನಾಲ್ಕು ಬಾಕ್ಸು, ಹಡಗು ಕಾಯಲ್ಲ.’ ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವರಿಗೆ ಏನು ಕೇಳಿಸಿತೋ, ‘ಹಪ್ಪಳ ಸಾಕಮ್ಮಾ’ ಎಂದರು.

ಅಕ್ಕ ಹಪ್ಪಳವನ್ನು ಎಣ್ಣೆಯಿಂದ ತೆಗೆದು ತಟ್ಟೆಗೆ ಹಾಕಿದಳು. ‘ನನ್ನ ಮಾಲು ಕೊಳ್ಳೋ ವಿದೇಶದವನು ಎರಡು ಸಲ ತಡ್ಕೊಂಡಿದಾನೆ’ ಎಂದಳು ತಗ್ಗಿದ ದನಿಯಲ್ಲಿ. ‘ಲಾರಿ ತಡ ಆಗಿ ಎರಡು ಸಲ ಹಡಗು ತಪ್ಪಿತು. ಮೂರನೇ ಸಲ ತಪ್ಪಿದ್ರೆ ಬೇರೆ ಕಡೆ ನೋಡ್ಕೋತೀನಿ ಅಂತ ಬರೆದಿದಾನೆ. ಹಾಗಾದ್ರೆ ನಾನು ಶೆಡ್ಡನ್ನ ಪಶು ಆಹಾರದ ವ್ಯಾಪಾರಿಗೆ ಬಾಡಿಗೆಗೆ ಕೊಟ್ಬಿಡ್ತೀನಿ ಕಣೇ. ಅವನು ಈಗಾಗ್ಲೇ ಅಳತೆ ತಗೊಂಡು ಹೋಗಿದಾನೆ.’

‘ಹೊರಗೆ ಹೇಳಕ್ಕ ಇದನ್ನ.’

‘ಹೇಳೋಕೆ ಕುರ್ಚಿ ಎಲ್ಲಿ ಕೊಟ್ಟೆ ನೀನು?’ ನಗುತ್ತಲೇ ಅಂದಳು. ನಾನೂ ನಕ್ಕೆ.

ಮಾತು ಜಗ್ಗಾಡುತ್ತಿದ್ದಾಗ, ಮಜ್ಜಿಗೆ ಬಡಿಸುತ್ತಾ ನಾನೇ ಬಾಯಿ ಹಾಕಿದೆ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಸೇರಿ ಒಂದು ನೀರಿನ ಟ್ಯಾಂಕರ್ ತರಿಸುತ್ತೇವೆ. ಒಂದೊಂದು ಮನೆಗೆ ಪೂರ್ತಿ ಟ್ಯಾಂಕರ್ ಹೆಚ್ಚು, ನೆಲದಡಿಯ ನೀರುತೊಟ್ಟಿ, ಸಂಪು, ಸಣ್ಣದು. ಕೊನೆಯಲ್ಲಿ ತುಂಬಿಸಿಕೊಂಡವರಿಗೆ ತಳದ ಕೆಸರು ನೀರು ಬರುತ್ತದೆ. ಅದಕ್ಕೇ ಈ ಸಲ ಕೊನೆಯವರು ಮುಂದಿನ ಸಲ ಮೊದಲು. ಸರದಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುವವಳು ನಾನು. ಇದನ್ನು ಹೇಳಿದೆ.

‘ರೈಲೂ ಟ್ಯಾಂಕರೂ ಒಂದೇನಾ’ ಎಂದು ನನ್ನ ಯಜಮಾನರು ನಕ್ಕರು. ಮೇಷ್ಟ್ರು ನಗಲಿಲ್ಲ. ‘ಒಂದೇ ಅಲ್ವಾ ಸ್ವಾಮಿ? ಅಮ್ಮ ಸರಿಯಾಗೇ ಹೇಳಿದ್ರು. ಮೊದಲ ಸಲಕ್ಕೆ ಚೀಟಿ ಎತ್ತೋಣ. ಅವರೇ ಎತ್ಲಿ.’

ಹೀಗೆ ಡಬ್ಬಿ ನನ್ನ ಕೈಗೆ ಬಂತು, ಕೆಂಪು ಅಂಚು ನನ್ನ ಬೆರಳಿಗೆ ಬಂತು. ಆ ಕ್ಷಣ ನನಗೆ ಅನ್ನಿಸಿದ್ದು ಇಷ್ಟೇ: ನಮ್ಮ ಮನೆಯಲ್ಲಿ, ನನ್ನ ಕೈಯಿಂದ, ನನ್ನ ಅಕ್ಕನ ಹೆಸರೇ ಮೊದಲು ಬಂದರೆ ಬಂದವರು ಏನಂದುಕೊಂಡಾರು? ಕಲ್ಲಿನ ಊರು ಮೊದಲು ಬಂತು. ಎರಡನೆಯ ಸಲವೂ ಕೆಂಪನ್ನು ಸರಿಸಿ ಮಿಡಿಸೌತೆ ಎತ್ತಿದೆ. ಅಕ್ಕ ಎದುರಿಗೆ ಗೋಡೆಗೊರಗಿ ನಿಂತಿದ್ದಳು. ‘ಸರಿ, ನಾವು ಕೊನೆ’ ಎಂದಷ್ಟೇ ಹೇಳಿ ತಟ್ಟೆ ತೆಗೆದುಕೊಂಡು ಹೋದಳು.

ಸರದಿಯ ಪಟ್ಟಿಯನ್ನು ನೀಟಾಗಿ ಬರೆದುಕೊಡಲು ನನಗೇ ಹೇಳಿದರು. ಕಾನ್ವೆಂಟಿನ ಕೈಬರಹ, ಅಕ್ಷರ ಒಂದೊಂದೂ ಮುತ್ತಿನ ಹಾಗಿದೆ ಎಂದರು ಮೇಷ್ಟ್ರು. ಮುತ್ತಿನ ಹಾಗೆ ಬರೆದೆ. ಒಂದು, ಕಲ್ಲು. ಎರಡು, ಮಿಡಿಸೌತೆ. ಮೂರು, ನಾರು. ರೈಲಿನಲ್ಲಿ ಜಾಗವೂ ಅದೇ ಸಾಲಿನಲ್ಲಿ, ಎಂಜಿನ್ ಪಕ್ಕದಿಂದ ಬಾಲದವರೆಗೆ. ಕೆಳಗೆ ಮೂವರೂ ಸಹಿ ಹಾಕಿದರು.

ರೈಲು ತುಂಬುವ ದಿನ ಬಂತು. ನನ್ನ ಯಜಮಾನರು ಹಿಂದಿನ ದಿನವೇ ಯಾರ್ಡಿಗೆ ಹೋಗಿದ್ದರು. ಹೋದಲ್ಲಿ ಫೋನನ್ನು ಬ್ಯಾಗಿನೊಳಗಿಟ್ಟು ಮರೆಯುವುದು ಅವರ ಅಭ್ಯಾಸ. ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನ್ ಬಂತು.

‘ನಿನ್ನ ಪಟ್ಟಿ ಇಲ್ಲಿ ಆಫೀಸಿನ ಗೋಡೆಗೆ ಅಂಟ್ಸಿದಾರೆ. ಎಷ್ಟು ಚೆನ್ನಾಗಿ ಬರೆದಿದೀಯ.’

‘ಯಾಕಕ್ಕ, ಏನಾಯ್ತು?’

‘ಕಲ್ಲಿನವರ ಲಾರಿ ಇನ್ನೂ ಬಂದಿಲ್ಲ. ಕ್ರೇನ್ ಸುಮ್ನೆ ನಿಂತಿದೆ. ನನ್ನ ನಾಲ್ಕೂ ಬಾಕ್ಸು ಅದರ ಕಾಲಬುಡದಲ್ಲೇ ಇದೆ. ನಮ್ಮದನ್ನ ಹಾಕಪ್ಪಾ ಅಂದ್ರೆ ಆ ಕ್ರೇನಿನವನು ಪಟ್ಟಿ ತೋರಿಸ್ತಾನೆ. ಸರದಿ ತಪ್ಪಿಸಿದ್ರೆ ನಮ್ಮ ಹಿರಿಯರು ನನ್ನ ಸುಮ್ನೆ ಬಿಡಲ್ಲ ಅಂತಾನೆ. ನಿನ್ನ ಯಜಮಾನ್ರು ಪೇಪರ್ ಹಿಡ್ಕೊಂಡು ಓಡಾಡ್ತಿದಾರೆ, ಅವರ ಮಾತೂ ಕೇಳಲ್ಲ ಅವನು.’

‘ಸಂಜೆಯೊಳಗೆ ಆಗುತ್ತೆ ಬಿಡು.’

‘ಆಗ್ಲಿಲ್ಲ ಅಂದ್ರೆ?’ ಅವಳು ಉತ್ತರಕ್ಕೆ ಕಾಯಲಿಲ್ಲ. ‘ಇಡ್ತೀನಿ. ಮೋಡ ಕವಿದಿದೆ ಇಲ್ಲಿ.’

ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟೆ. ತೆಗೆದು ಕೈಯಲ್ಲಿ ಹಿಡಿದೆ. ಮತ್ತೆ ಇಟ್ಟೆ. ಹಿಂದಿನ ಬಾಗಿಲ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದೆ. ಚಪ್ಪಲಿಗಳನ್ನು ಜೋಡಿಸಿದೆ. ಪಟ್ಟಿಗಾಗಿ ಬರೆದಿಟ್ಟಿದ್ದ ಹಿರಿಯರ ನಂಬರ್ ಕ್ಯಾಲೆಂಡರಿನ ಮೂಲೆಯಲ್ಲಿತ್ತು. ನನಗೆ ಪರಿಚಯವಿಲ್ಲದ ಗಂಡಸರಿಗೆ ನಾನು ಫೋನ್ ಮಾಡಿದ್ದು ಗ್ಯಾಸಿಗೆ, ಎಲೆಕ್ಟ್ರಿಷಿಯನ್ನಿಗೆ, ಅಷ್ಟೇ.

ಮೂರನೇ ಸಲಕ್ಕೆ ಅವರು ಎತ್ತಿದರು. ನಾನು ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು.

‘ಅವತ್ತು ಚೀಟಿ ಎತ್ತಿದ್ನಲ್ಲ, ಅದರಲ್ಲಿ ನಾನು ಮೋಸ ಮಾಡಿದೆ’ ಎಂದುಬಿಟ್ಟೆ.

‘ಏನಂದ್ರಿ ತಾಯಿ?’

‘ಮೊದಲು ಬಂದಿದ್ದು ನಮ್ಮಕ್ಕನ ಚೀಟಿ. ಎರಡು ಸಲವೂ ಅದೇ ಬಂತು. ಎರಡು ಸಲವೂ ನಾನು ಅದನ್ನ ಬಿಟ್ಟು ಬೇರೆ ಎತ್ತಿದೆ. ನಮ್ಮವರನ್ನೇ ಮುಂದೆ ಮಾಡ್ದೆ ಅಂತ ನೀವೆಲ್ಲಾ ಅಂದ್ಕೋಬಾರ್ದು ಅಂತ.’

‘ಅಂದ್ರೆ ನಿಮ್ಮೋರಿಗೇ ಮೋಸ ಮಾಡಿದ್ರಾ?’ ಅವರ ದನಿಯಲ್ಲಿ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. ‘ನಲವತ್ತು ವರ್ಷ ಎಲೆಕ್ಷನ್ ನೋಡಿದೀನಿ. ಇಂಥದ್ದು ನೋಡಿರ್ಲಿಲ್ಲ.’

‘ಅವಳ ನಾಲ್ಕು ಬಾಕ್ಸು ಈ ಹಡಗಿಗೆ ಸೇರ್ಲಿಲ್ಲ ಅಂದ್ರೆ ಅವಳು ಶೆಡ್ಡು ಮುಚ್ತಾಳೆ. ನಿಮ್ಮ ಕ್ರೇನಿನವರಿಗೆ ಒಂದು ಮಾತು ಹೇಳ್ತೀರಾ?’

ಅವರ ಹಿಂದೆ ಎಲ್ಲೋ ಕಲ್ಲು ಕೊಯ್ಯುವ ಗರಗಸದ ಸದ್ದು ಕೇಳುತ್ತಿತ್ತು. ಆಮೇಲೆ, ‘ನೀವು ಹೇಳಿದ್ರಿ ಅಂತ ನಾನೂ ಹೇಳ್ತೀನಿ. ನನ್ನ ಹತ್ರ ಹತ್ತು ಬಾಕ್ಸಿಲ್ಲ. ಇರೋದು ನಾಲ್ಕು. ಮೇಷ್ಟ್ರು ಜಾಸ್ತಿ ಹೇಳ್ತಾರೆ ಅಂತ ನಾನೂ ಜಾಸ್ತಿ ಹೇಳ್ದೆ. ಬೆಳಗಿಂದ ಸುತ್ತಮುತ್ತ ಕ್ವಾರಿಗೆಲ್ಲಾ ಫೋನ್ ಮಾಡ್ತಿದೀನಿ, ಯಾರಾದ್ರೂ ಇನ್ನೂ ಆರು ಬಾಕ್ಸ್ ಕೊಡಿ ಅಂತ. ಬರೀ ನಾಲ್ಕು ತಗೊಂಡು ಹೋಗೋಕೆ ಮುಖ ಇಲ್ಲ ತಾಯಿ’ ಎಂದರು.

‘ನಾಲ್ಕಾದ್ರೂ ಕಳಿಸಿ’ ಎಂದೆ. ಅದು ಸಲಹೆಯೋ ಬೇಡಿಕೆಯೋ ನನಗೇ ಗೊತ್ತಾಗಲಿಲ್ಲ.

‘ಕ್ರೇನಿನವನಿಗೆ ಹೇಳ್ತೀನಿ. ಅವನೂ ಫೋನ್ ಎತ್ತಬೇಕಲ್ಲ’ ಎಂದು ಇಟ್ಟರು.

ಅಷ್ಟೇ. ಆಮೇಲೆ ಯಾರೂ ಏನೂ ಹೇಳಲಿಲ್ಲ. ಅಕ್ಕನ ಫೋನ್ ಆಫ್ ಆಗಿತ್ತು. ನನ್ನ ಯಜಮಾನರದು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಸಂಜೆ ಒಂದು ಮೆಸೇಜ್ ಬಂತು: ‘ರೈಲು ಹೊರಟಿತು. ನಾಳೆ ಬೆಳಿಗ್ಗೆ ನಮ್ಮ ಮನೆ ಹಿಂದೆ ಹಾದುಹೋಗುತ್ತೆ. ನೋಡು.’ ಏನು ಹತ್ತಿತು, ಏನು ಉಳಿಯಿತು ಎಂದು ಒಂದಕ್ಷರ ಇಲ್ಲ. ಅವರಿಗೆ ರೈಲು ಹೊರಟಿದ್ದೇ ದೊಡ್ಡದು.

ಮರುದಿನ ಎಂಟಕ್ಕೇ ತಾರಸಿಗೆ ಹೋದೆ. ಮೆಟ್ರೋ ಡಿಪೋದ ಕಡೆಯಿಂದ ಕಬ್ಬಿಣ ಉಜ್ಜುವ ಸದ್ದು. ಪ್ಯಾಸೆಂಜರ್ ರೈಲೊಂದು ಹೋಯಿತು, ಬಾಗಿಲಲ್ಲಿ ಜೋತುಬಿದ್ದವರ ಐಡಿ ಕಾರ್ಡುಗಳೆಲ್ಲ ಒಂದೇ ಕಡೆಗೆ ಹಾರುತ್ತಿದ್ದವು. ಒಗ್ಗರಣೆಗೆ ಇಳಿದೆ, ಹತ್ತಿದೆ. ಎಣ್ಣೆ ಟ್ಯಾಂಕುಗಳ ರೈಲು ಹೋಯಿತು. ಕಲ್ಲಿದ್ದಲಿನ ಖಾಲಿ ಡಬ್ಬಿಗಳು ಹೋದವು. ಹತ್ತೂವರೆಯ ಹೊತ್ತಿಗೆ ಲೋಟಗಳು ಸದ್ದು ಮಾಡಿದವು. ನಾನು ಕೆಳಗಿದ್ದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎಂಜಿನ್ ನಮ್ಮ ಮನೆ ದಾಟಿತ್ತು.

ಕಂಟೇನರುಗಳು. ಕಡುಗೆಂಪು, ನೀಲಿ, ತುಕ್ಕುಬಣ್ಣ. ಹಳದಿಯದೇನೋ ಒಂದು ಮುಂದಿನದರ ಚಿಲಕದಲ್ಲಿ ಹಾರಾಡುತ್ತಾ ಹೋಯಿತು. ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ನನ್ನ ಕಣ್ಣು ಅಲ್ಲಿರಲಿಲ್ಲ. ನಾರು ಕೊನೆಯದು, ನಾನೇ ಬರೆದದ್ದು. ಕಣ್ಣು ರೈಲಿನ ಬಾಲದ ಮೇಲಿತ್ತು.

ರೈಲು ನಿಧಾನವಾಗಿ ನಿಂತುಬಿಟ್ಟಿತು. ಮುಂದೆ ಸಿಗ್ನಲ್ ಸಿಕ್ಕಿರಲಿಲ್ಲವೇನೋ. ಬಾಲ ಹಿಂದೆ ತಿರುವಿನಲ್ಲಿ, ಯಾವುದೋ ಕಟ್ಟಡದ ಹಸಿರು ಪರದೆಯ ಆಚೆ ಉಳಿಯಿತು. ನಾನು ಮನೆಯ ಚಪ್ಪಲಿಯಲ್ಲೇ ಇಳಿದು, ಬಾಗಿಲಿಗೆ ಬೀಗ ಕೂಡ ಹಾಕದೆ, ಹಳಿಯ ಪಕ್ಕದ ರಸ್ತೆಯಲ್ಲಿ ನಡೆದೆ. ನಡೆದೆ ಅನ್ನುವುದು ಮರ್ಯಾದೆಗೆ, ಓಡಿದೆ. ಎಳನೀರಿನವರು, ‘ಏನಮ್ಮಾ, ಯಾರ್ ಬಂದ್ರು?’ ಎಂದು ತಮಿಳಿನ ರಾಗದಲ್ಲಿ ಕೇಳಿದರು. ನಿಲ್ಲಲಿಲ್ಲ.

ಪರದೆ ದಾಟಿದ ಮೇಲೆ ಬಾಲ ಕಂಡಿತು. ಕೊನೆಯ ಆರು ಗಾಡಿಗಳು ಖಾಲಿ. ಬರೀ ಕಬ್ಬಿಣದ ಚೌಕಟ್ಟು, ಅದರ ನಡುವಿನಿಂದ ಆಚೆಯ ಎಕ್ಕದ ಗಿಡಗಳು ಕಾಣುತ್ತಿದ್ದವು. ನಾನು ಎರಡು ಸಲ ಎಣಿಸಿದೆ. ರೈಲು ಒಂದು ಸಲ ಜಗ್ಗಿ ಹೊರಟಿತು. ಖಾಲಿ ಗಾಡಿಗಳು ತುಂಬಿದವಕ್ಕಿಂತ ಹೆಚ್ಚು ಸದ್ದು ಮಾಡುತ್ತಾ ನನ್ನ ಮುಂದೆ ಹಾದವು. ಪಶು ಆಹಾರದ ಮೂಟೆಗಳು ಅಕ್ಕನ ಶೆಡ್ಡಿನಲ್ಲಿ ಪೇರಿಸಿರುವುದು ನನ್ನ ಕಣ್ಣಿಗೆ ಕಟ್ಟಿತು.

ಮನೆಗೆ ಬಂದು ಗೇಟಿನ ಕಟ್ಟೆಯ ಮೇಲೆ ಕೂತೆ. ಆಗ ಅಕ್ಕನ ಫೋನ್ ಬಂತು. ಬಸ್ಸಿನ ಸದ್ದಿನ ನಡುವೆ ಅವಳ ದನಿ.

‘ನೋಡಿದ್ಯಾ?’

‘ನೋಡಿದೆ ಅಕ್ಕ.’ ಗೇಟಿನ ಚಿಲಕ ಹಿಡಿದುಕೊಂಡೆ. ‘ಕೊನೆಯವು ಖಾಲಿ ಇದ್ವು.’

‘ಅದು ಕಲ್ಲಿನವರ ಜಾಗ. ಹತ್ತು ಅಂದು ನಾಲ್ಕು ತಂದರು ಪುಣ್ಯಾತ್ಮರು.’

‘ಅವರದು ಮೊದಲಿತ್ತಲ್ಲ? ಎಂಜಿನ್ ಪಕ್ಕ?’

‘ಜಂಕ್ಷನ್ನಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ತಗುಲಿಸ್ತಾರೆ ಕಣೇ. ಹಿಂದಿದ್ದದ್ದು ಮುಂದಾಗತ್ತೆ. ನಿನ್ನ ಯಜಮಾನ್ರು ಮೂವತ್ತು ವರ್ಷದಲ್ಲಿ ಇದೊಂದು ಹೇಳಿಲ್ವಾ ನಿನಗೆ? ನನ್ನ ನಾಲ್ಕೂ ಎಂಜಿನ್ನಿನ ಹಿಂದೇನೇ ಹೋಯ್ತು. ಮೊದಲನೇದಕ್ಕೆ ಚೆಂಡು ಹೂವಿನ ಹಾರ ಕಟ್ಟಿದ್ದೆ. ಕಾಣ್ಲಿಲ್ವಾ?’

ಹಳದಿ ಪ್ಲಾಸ್ಟಿಕ್ ಚೀಲ. ಕಂಡಿತು ಎಂದು ಹೇಳಿದೆ.

‘ಮಧ್ಯಾಹ್ನ ಆ ಹಿರಿಯರು ಕ್ರೇನಿನವನಿಗೆ ಫೋನ್ ಮಾಡಿ, ಮೊದಲು ಹೆಂಗಸಿನ ಬಾಕ್ಸ್ ಹಾಕೋ ಅಂದ್ರಂತೆ. ಯಾಕೆ ಅಂದ್ರೆ ಹೇಳ್ಲಿಲ್ಲ. ಮಳೆ ಬರೋ ಮುಂಚೆ ನಾಲ್ಕೂ ಹತ್ತಿತು. ಆಮೇಲೆ ಮೇಷ್ಟ್ರದ್ದು.’

‘ನಾನು ಅವರಿಗೆ ಫೋನ್ ಮಾಡಿದ್ದೆ’ ಎಂದೆ. ‘ಅಕ್ಕ, ಆ ಚೀಟಿ...’

‘ಕೆಂಪು ಅಂಚಿಂದು ತಾನೆ? ನಾನೂ ನೋಡ್ದೆ.’

ಬಸ್ಸು ಎಲ್ಲೋ ಹಾರನ್ ಹೊಡೆಯಿತು.

‘ಎರಡು ಸಲವೂ ನೋಡ್ದೆ’ ಎಂದಳು. ‘ಅಷ್ಟು ಜನರ ಮುಂದೆ ನಿನ್ನ ಕೈ ಹಿಡ್ಕೊಳ್ಳೋಕಾಗತ್ತಾ? ಊಟಕ್ಕೆ ಕೊನೇ ಪಂಕ್ತಿ ಆದ್ರೆ ಪರ್ವಾಗಿಲ್ಲ ಕಣೇ, ಸಾರು ತಳದಲ್ಲಿ ಇದ್ದೇ ಇರತ್ತೆ. ನನಗೆ ಹನ್ನೆರಡು ದಿನ ನಿದ್ದೆ ಇಲ್ಲ.’

‘ನನಗೂ ಇಲ್ಲ.’

‘ನಿನಗೆ ಬೇಕಿತ್ತು, ಬಿಡು.’ ಕಂಡಕ್ಟರಿಗೆ ಚಿಲ್ಲರೆ ಕೊಟ್ಟು, ‘ಮುಂದಿನ ಸಭೆಗೆ ಇನ್ನೊಂದು ಕುರ್ಚಿ ತಂದಿಡು. ಸಾಧ್ಯ ಆದ್ರೆ ಎರಡು’ ಎಂದಳು. ಹಡಗು ತಲುಪುವವರೆಗೂ ತನಗೆ ನೆಮ್ಮದಿಯಿಲ್ಲ, ಚೆನ್ನೈಯಿಂದ ಸುದ್ದಿ ಬಂದ ಮೇಲೆ ಮತ್ತೆ ಮಾಡುತ್ತೇನೆ ಎಂದು ಇಟ್ಟಳು. ಆ ಆರು ಖಾಲಿ ಗಾಡಿಗಳಿಗೆ ರೈಲ್ವೆಯವರು ಏನೆನ್ನುತ್ತಾರೋ, ಮುಂದಿನ ರೈಲು ಕೊಡುತ್ತಾರೋ ಇಲ್ಲವೋ, ಅದೂ ನಮಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಟ್ಯಾಂಕರ್ ಬಂತು. ಕ್ಯಾಲೆಂಡರಿನ ಪ್ರಕಾರ ಅವತ್ತು ನಮ್ಮ ಮನೆ ಮೊದಲು. ಉರ್ದುವಿನಲ್ಲಿ ಅಕ್ಕ ಎನ್ನುವ ಹಾಗೆ ನಾನು ಬಾಜಿ ಎಂದು ಕರೆಯುವ ಎದುರು ಮನೆಯವರು, ಶಿವಾಜಿನಗರದಿಂದ ಬಂದ ಬಟ್ಟೆ ವ್ಯಾಪಾರದವರ ಮನೆಯಾಕೆ, ಆಗಲೇ ತಮ್ಮ ಸಂಪಿನ ಮುಚ್ಚಳ ತೆಗೆದು ಪೈಪು ಹಿಡಿದಿದ್ದರು. ನಾನು ಯಾವಾಗಲೂ ಬಿಟ್ಟುಕೊಡುವವಳು ಎಂದು ಅವರಿಗೆ ಅಭ್ಯಾಸವಾಗಿದೆ. ತಪ್ಪು ಅವರದಲ್ಲ.

‘ಬಾಜಿ,’ ಎಂದೆ. ದನಿ ಬೇಕಾದ್ದಕ್ಕಿಂತ ಸಣ್ಣದಾಗಿ ಬಂತು. ‘ಇವತ್ತು ನಮ್ದು ಮೊದಲು.’

ಅವರು ನನ್ನ ಮುಖ ನೋಡಿದರು. ‘ಅರೆ, ಹೌದಾ? ತಗೊಳ್ಳಿ ತಗೊಳ್ಳಿ, ಅದಕ್ಕೇನು’ ಎಂದು ಪೈಪನ್ನು ನನ್ನ ಕೈಗೆ ಕೊಟ್ಟರು. ಅದು ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ನೀರು ಬರುವವರೆಗೂ ನಾನು ಕ್ಯಾಲೆಂಡರನ್ನು ಇನ್ನೊಮ್ಮೆ ನೋಡಿ ಬರಲೇ ಎಂದು ಯೋಚಿಸುತ್ತಲೇ ಇದ್ದೆ.